ಗಂಡ-ಹೆಂಡತಿ ನಡುವಿನ ಆಸ್ತಿ ಮಾತು ಬರೀ ಬಾಂಡ್ ಪೇಪರಿನಲ್ಲಿ ಉಳಿಯಬಾರದು

ಸಂಪಾದಕರಿಗೆ ನಮಸ್ಕಾರ.

ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತದಲ್ಲಿ ಮುಳುಗುವ ಜಮೀನಿನ ಪರಿಹಾರದ ದರ 2025ರ ಸೆಪ್ಟೆಂಬರಿನಲ್ಲಿ ಸಂಪುಟದಲ್ಲಿ ತೀರ್ಮಾನ ಆದಾಗಿನಿಂದ ನಮ್ಮ ಕಡೆ ಎಲ್ಲಿ ನಾಲ್ಕು ಜನ ಕೂತರೂ ಅದೇ ಮಾತು. ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ 519.6 ಮೀಟರಿನಿಂದ 524.256 ಮೀಟರಿಗೆ ಏರುತ್ತದೆ. 75 ಸಾವಿರ ಎಕರೆಗೂ ಜಾಸ್ತಿ ಭೂಮಿ ಮುಳುಗುತ್ತದೆ. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ. ಬಾಗಲಕೋಟೆ, ಬೀಳಗಿ, ಜಮಖಂಡಿ, ಹೊಳೆ ಆಚೆ ಕೊಲ್ಹಾರ, ಎಲ್ಲ ಕಡೆ ಲೆಕ್ಕ ಹಾಕುವುದು ನಡೆದಿದೆ. ಎಲ್ಲಿ ಪ್ಲಾಟು ತಗೋಬೇಕು, ಮಗನಿಗೆ ಏನು ಹಾಕಿಕೊಡಬೇಕು, ಸೊಸೈಟಿ ಸಾಲ ಎಷ್ಟು ತೀರಿಸಬೇಕು. ಈ ದುಡ್ಡಿನಲ್ಲಿ, ಈ ದುಡ್ಡಿನಿಂದ ಬರುವ ಮನೆ-ಹೊಲದಲ್ಲಿ ಹೆಂಡತಿ ಹೆಸರು ಎಲ್ಲಿ ಬರುತ್ತದೆ ಅನ್ನುವ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ.

ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿ ಹಾಕದೆ ಪ್ರಕಟಿಸಿ.

ನಾನು ದಸ್ತಾವೇಜು ಟೈಪ್ ಮಾಡುವವಳು. ಖರೀದಿ ಪತ್ರ, ಬಕ್ಷೀಸ್ ಪತ್ರ (ದಾನಪತ್ರ), ವಾಟ್ನಿ ಪತ್ರ (ಪಾಲುಪಟ್ಟಿ), ಮೃತ್ಯುಪತ್ರ (ಉಯಿಲು), ಬೆಳಗಿನಿಂದ ಸಂಜೆವರೆಗೆ ಇವೇ ನನ್ನ ಕೈಯಲ್ಲಿ. ವಕೀಲರ ಹಾಗೆ ಕೋರ್ಟಿನಲ್ಲಿ ನಿಂತು ವಾದಿಸುವ ಓದು ನನಗಿಲ್ಲ. ಆದರೆ ಯಾವ ಕಾಗದ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಅಂತ ದಿನಾ ನೋಡಿ ನೋಡಿ ಗೊತ್ತಾಗಿದೆ. ಇತ್ತೀಚೆಗೆ ಗಂಡ-ಹೆಂಡತಿ ಜೋಡಿಯಾಗಿ ಬಂದು "ನಮ್ಮಿಬ್ಬರ ನಡುವೆ ಒಂದು ಕರಾರು ಮಾಡಿಕೊಡ್ರಿ" ಅಂತ ಕೇಳುವುದು ಜಾಸ್ತಿ ಆಗಿದೆ. ನನಗೆ ಇದು ಒಳ್ಳೆಯದು ಅಂತಲೇ ಅನಿಸುತ್ತದೆ. ಮದುವೆ ಆದ ಮೇಲೆ ಇಬ್ಬರೂ ಕೂತು ಇದು ನಿನ್ನದು, ಇದು ನನ್ನದು, ಇದು ಇಬ್ಬರದು ಅಂತ ಬಾಯಿಬಿಟ್ಟು ಮಾತಾಡುವುದೇ ದೊಡ್ಡ ವಿಷಯ. ಬೇಜಾರು ಏನಂದರೆ, ಅಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದ ಮಾತು ಬಹಳ ಸಲ ನಾಲ್ಕು ಕಾಸಿನ ಬೆಲೆ ಇಲ್ಲದ ಕಾಗದದ ಮೇಲೆ ಕೂತಿರುತ್ತದೆ.

ಅಂಥ ಒಂದು ಕಾಗದ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೀಳಗಿ ಕಡೆಯ ಒಂದು ದಂಪತಿ ತಂದಿದ್ದರು. ನೂರು ರೂಪಾಯಿ ಬಾಂಡ್. ಮಡಿಚಿ ಮಡಿಚಿ ನಡುವೆ ಹರಿದಿತ್ತು, ಹಿಂದೆ ಸೆಲ್ಲೋಟೇಪ್ ಹಚ್ಚಿದ್ದರು. "ಇಂದಿನಿಂದ ನನ್ನ ಎಲ್ಲಾ ಸ್ಥಿರ ಚರ ಆಸ್ತಿಯಲ್ಲಿ ಅರ್ಧ ಭಾಗ ನನ್ನ ಧರ್ಮಪತ್ನಿಯದು" ಅಂತ ಗಂಡ ಬರೆದುಕೊಟ್ಟಿದ್ದ. ಸರ್ವೆ ನಂಬರ್ ಇಲ್ಲ. ಚಕ್ಕುಬಂದಿ ಇಲ್ಲ. ಪ್ಲಾಟಿನ ಸಿಟಿಎಸ್ (ಸಿಟಿ ಸರ್ವೆ) ನಂಬರ್ ಇಲ್ಲ. ಕೆಳಗೆ ಊರಿನ ನಾಲ್ಕು ಹಿರಿಯರ ಸಹಿ, ಪಕ್ಕದಲ್ಲಿ ನೋಟರಿ ಶಿಕ್ಕಾ. ಕೊನೆಯ ಸಾಲಿನಲ್ಲಿ "ಹೆಂಡತಿಯು ಮುಂದೆ ಎಂದೂ ಪೋಟಗಿ ಕೇಳತಕ್ಕದ್ದಲ್ಲ". ಪೋಟಗಿ ಅಂದರೆ ಜೀವನಾಂಶ. ಆ ಸಾಲು ಯಾಕೆ ಬಂತು ಅಂತ ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ. ಬರೆದವರು ಯಾವುದೋ ಹಳೆಯ ಕಾಗದ ನೋಡಿ ಸೇರಿಸಿದ್ದರು ಅಷ್ಟೇ. ಆ ಹೆಣ್ಣುಮಗಳು ಚೀಲ ತೊಡೆ ಮೇಲಿಟ್ಟುಕೊಂಡು "ಇದು ನಡೀತದ ಇಲ್ರೀ ಅಕ್ಕಾರ?" ಅಂತ ಕೇಳಿದಳು. ನಡೆಯುವುದಿಲ್ಲ ಅಂತ ಹೇಳುವುದು ಕಷ್ಟ ಆಯಿತು. ಗಂಡ ಒಳ್ಳೆಯ ಮನುಷ್ಯ, ಮನಸಾರೆ ಕೊಟ್ಟಿದ್ದ.

ಯಾಕೆ ನಡೆಯುವುದಿಲ್ಲ? ಮೊದಲನೆಯದಾಗಿ, ಹಿಂದೂ ಮದುವೆಯಲ್ಲಿ ತಾಳಿ ಕಟ್ಟಿದ ಮಾತ್ರಕ್ಕೆ ಆಸ್ತಿ ಇಬ್ಬರದ್ದಾಗುವುದಿಲ್ಲ. ಕಾಗದದಲ್ಲಿ ಯಾರ ಹೆಸರಿದೆಯೋ ಅವರದೇ ಆಸ್ತಿ. ಗಂಡನ ಹೆಸರಲ್ಲಿರುವ ಪ್ಲಾಟು ಗಂಡನದು, ಹೆಂಡತಿ ಹೆಸರಲ್ಲಿರುವುದು ಹೆಂಡತಿಯದು. ಇಪ್ಪತ್ತು ವರ್ಷ ಸಂಸಾರ ಮಾಡಿ, ಹೊಲದಲ್ಲಿ ಕಳೆ ತೆಗೆದು, ಕಬ್ಬಿಗೆ ನೀರು ಹಾಯಿಸಿ, ಅತ್ತೆ-ಮಾವನನ್ನು ನೋಡಿಕೊಂಡರೂ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿಲ್ಲದಿದ್ದರೆ ಗಂಡ ಬದುಕಿರುವ ತನಕ ಅವಳು ಆ ಜಮೀನಿನ ಒಡತಿ ಅಲ್ಲ. ಮನೆಯಲ್ಲಿ ಇರುವ ಹಕ್ಕು ಬೇರೆ. ಅದನ್ನು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಕೊಟ್ಟಿದೆ. ಒಡೆತನ ಬೇರೆ. ಈ ಎರಡನ್ನು ಜನ ಒಂದೇ ಅಂತ ತಿಳಿದುಕೊಂಡಿದ್ದಾರೆ.

ಎರಡನೆಯದು, ಜಮೀನು-ಮನೆ ಬರೀ ಮಾತಿನಿಂದಲೋ ನೋಟರಿ ಶಿಕ್ಕಾದಿಂದಲೋ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಿಲ್ಲ. ದಾನ ಕೊಟ್ಟರೆ ಬಕ್ಷೀಸ್ ಪತ್ರ ನೋಂದಣಿ ಆಗಬೇಕು, ಇಬ್ಬರು ಸಾಕ್ಷಿದಾರರು ಸಹಿ ಹಾಕಬೇಕು. ನೋಟರಿ ಮಾಡುವುದು ಸಹಿ ಇವರದೇ ಅಂತ ದೃಢಪಡಿಸುವ ಕೆಲಸ. ಆಸ್ತಿ ವರ್ಗಾಯಿಸುವ ಅಧಿಕಾರ ಅವರಿಗೆ ಇಲ್ಲ.

ಇನ್ನು ಬರೀ ಕರಾರು. ಏನೂ ಪ್ರತಿಫಲ ತಗೊಳ್ಳದೆ ಮಾಡಿಕೊಂಡ ಕರಾರಿಗೆ ಸಾಮಾನ್ಯವಾಗಿ ಬೆಲೆ ಇಲ್ಲ ಅನ್ನುತ್ತದೆ 1872ರ ಕರಾರು ಕಾಯ್ದೆ. ಆದರೆ ಅದರ 25ನೇ ಕಲಮಿನಲ್ಲಿ ಒಂದು ದಾರಿ ಬಿಟ್ಟಿದ್ದಾರೆ. ಹತ್ತಿರದ ಸಂಬಂಧಿಗಳು, ಸಹಜವಾದ ಪ್ರೀತಿಯಿಂದ, ಬರವಣಿಗೆಯಲ್ಲಿ, ನೋಂದಣಿ ಮಾಡಿಸಿ ಕೊಟ್ಟ ಮಾತಾದರೆ ಅದು ನಿಲ್ಲುತ್ತದೆ. ಪ್ರೀತಿ ಅನ್ನುವುದು ಕಾಯ್ದೆಯಲ್ಲೇ ಇದೆ ನೋಡಿ. ಇದನ್ನು ಕೋರ್ಟುಗಳು ಹಗುರಾಗಿ ತಗೊಂಡಿಲ್ಲ. 1900ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಬೇರೆ ವಾಸಿಸುವ ಹೆಂಡತಿಗೆ ಖರ್ಚಿಗೆ ಹಣ ಕೊಡುತ್ತೇನೆ ಅಂತ ಗಂಡ ನೋಂದಣಿ ಮಾಡಿಸಿಯೇ ಬರೆದುಕೊಟ್ಟಿದ್ದ. ಆದರೆ ಅದೇ ಕಾಗದದಲ್ಲಿ ಇಬ್ಬರ ಜಗಳ, ಮನಸ್ತಾಪದ ವಿವರವೂ ಇತ್ತು. ಇಲ್ಲಿ ಪ್ರೀತಿ ಎಲ್ಲಿದೆ ಅಂತ ಕೋರ್ಟು ಅದನ್ನು ಒಪ್ಪಲಿಲ್ಲ. ಆ ಹೆಣ್ಣುಮಗಳಿಗೆ ಏನೂ ಸಿಗಲಿಲ್ಲ.

ಹಾಗಾಗಿ ನನ್ನ ಹತ್ತಿರ ಬಂದವರಿಗೆಲ್ಲ ಹೇಳುತ್ತೇನೆ, ಸಂಸಾರ ಚೆನ್ನಾಗಿರುವಾಗಲೇ ಮಾಡಿ. ನಮ್ಮ ಜನ ಉಲ್ಟಾ ಮಾಡುತ್ತಾರೆ. ಚೆನ್ನಾಗಿದ್ದಾಗ ಆಸ್ತಿ ಮಾತು ಎತ್ತಿದರೆ "ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ಅನ್ನುತ್ತಾರೆ. ಜಗಳ ಆಗಿ, ಹೆಣ್ಣುಮಗಳು ತವರಿಗೆ ಹೋಗಿ, ಹಿರಿಯರು ಕೂತು ರಾಜಿ ಮಾಡಿಸಿದ ಮೇಲೆ ಅವಸರದಲ್ಲಿ ಒಂದು ಬಾಂಡ್ ತರುತ್ತಾರೆ. ಆ ಹೊತ್ತಿಗೆ ಒಬ್ಬರಿಗೆ ಕೋಪ, ಇನ್ನೊಬ್ಬರಿಗೆ ಹೆದರಿಕೆ. ಅಂಥ ಕಾಗದ ನಾಳೆ ಕೋರ್ಟಿನಲ್ಲಿ ಎಷ್ಟು ದಿನ ನಿಂತೀತು?

ಅಣ್ಣ-ತಮ್ಮಂದಿರು ಎಷ್ಟೇ ಪ್ರೀತಿಯಿಂದ ಇದ್ದರೂ ವಾಟ್ನಿ ಪತ್ರ ನೋಂದಣಿ ಮಾಡಿಸುತ್ತಾರೆ, ಅದನ್ನು ಯಾರೂ ಅಪನಂಬಿಕೆ ಅನ್ನುವುದಿಲ್ಲ ಅಲ್ವಾ? ಹೆಂಡತಿ ವಿಷಯ ಬಂದಾಗ ಮಾತ್ರ ಯಾಕೆ ಹಾಗೆ ಅನಿಸಬೇಕು?

ಪೋಟಗಿ ಸಾಲಿನ ವಿಷಯ ಬಿಡಿಸಿ ಹೇಳಲೇಬೇಕು, ಯಾಕಂದರೆ ನನ್ನ ಕಣ್ಣಿಗೆ ಬೀಳುವ ಕಾಗದಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಹೆಂಡತಿ "ಮುಂದೆ ಜೀವನಾಂಶ ಕೇಳುವುದಿಲ್ಲ" ಅಂತ ಬರೆದುಕೊಟ್ಟರೂ ಅದು ಸಾರ್ವಜನಿಕ ಹಿತಕ್ಕೆ ವಿರುದ್ಧ, ಅದಕ್ಕೆ ಬೆಲೆ ಇಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣ ನಮ್ಮ ಕರ್ನಾಟಕದ್ದೇ. ಹೆಂಡತಿ ಒಂದೇ ಸಲ 8,000 ರೂಪಾಯಿ ತಗೊಂಡು ಮುಂದೆ ಏನೂ ಕೇಳುವುದಿಲ್ಲ ಅಂತ ರಾಜಿ ಮಾಡಿಕೊಂಡಿದ್ದಳು. ವರ್ಷಗಳ ಮೇಲೆ ಅವಳು ಜೀವನಾಂಶಕ್ಕೆ ದಾವೆ ಹಾಕಿದಾಗ ಗಂಡ ಆ ರಾಜಿ ಕಾಗದ ತೋರಿಸಿದ. ಅದು ಅವಳ ಹಕ್ಕನ್ನು ತಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಅಕ್ಕ-ತಂಗಿಯರೇ, ಅಂಥ ಕಾಗದಕ್ಕೆ ಹಿಂದೆ ಸಹಿ ಹಾಕಿದ್ದರೆ ಎಲ್ಲ ಮುಗಿಯಿತು ಅಂತ ಸುಮ್ನೆ ಕೂರಬೇಡಿ. ಗಂಡಸರೂ ಆ ಒಂದು ಸಾಲನ್ನು ನಂಬಿ ನೆಮ್ಮದಿಯಿಂದ ಇರಬೇಡಿ.

ಹಾಗಾದರೆ ಏನು ಮಾಡಬೇಕು? ಬೀಳಗಿ ದಂಪತಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. "ಅರ್ಧ ಕೊಡುತ್ತೇನೆ" ಅನ್ನುವ ಮಾತನ್ನು ಬಿಟ್ಟು ಯಾವ ಅರ್ಧ ಅಂತ ತೀರ್ಮಾನಿಸಿ. ಅವರ ಹತ್ತಿರ ನವನಗರದಲ್ಲಿ ಒಂದು ಪ್ಲಾಟಿತ್ತು, ಗಂಡ ತನ್ನ ದುಡಿಮೆಯಿಂದ ತಗೊಂಡಿದ್ದು. ಅದರ ಅರ್ಧವನ್ನು ಅಳತೆ, ಚಕ್ಕುಬಂದಿ ಸಮೇತ ಬಕ್ಷೀಸ್ ಪತ್ರದಲ್ಲಿ ಬರೆದು ನೋಂದಣಿ ಮಾಡಿಸಿದರು. ಗಂಡ ಹೆಂಡತಿಗೆ ಕೊಡುವ ಬಕ್ಷೀಸ್ ಪತ್ರಕ್ಕೆ ಖರೀದಿ ಪತ್ರದ ಹಾಗೆ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಮುದ್ರಾಂಕ ಶುಲ್ಕ ಬೀಳುವುದಿಲ್ಲ, ಕುಟುಂಬದವರಿಗೆ ಗೊತ್ತುಪಡಿಸಿದ ಸಣ್ಣ ಮೊತ್ತ ಅಷ್ಟೇ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಲಕ್ಷಗಟ್ಟಲೆ ಖರ್ಚು ಬರುತ್ತದೆ ಅಂತ ಹೆದರಿ ನೂರು ರೂಪಾಯಿ ಬಾಂಡಿಗೆ ಹೋಗುತ್ತಾರೆ. ನೋಂದಣಿ ಆದ ಮೇಲೆ ಖಾತೆಯಲ್ಲೂ ಹೆಸರು ಹಚ್ಚಿಸಬೇಕು. ಅದನ್ನು ಮರೆತು ವರ್ಷಗಟ್ಟಲೆ ಬಿಟ್ಟವರೂ ಇದ್ದಾರೆ.

ಕೊಡುವವರೂ ತಿಳಿದು ಕೊಡಿ. ನೋಂದಣಿ ಆದ ಬಕ್ಷೀಸನ್ನು ನಾಳೆ ಜಗಳ ಆಯಿತು ಅಂತ ವಾಪಸ್ ತಗೊಳ್ಳಲು ಬರುವುದಿಲ್ಲ. ಉತಾರದ ಮೇಲೆ ಬ್ಯಾಂಕಿನದೋ ಸೊಸೈಟಿಯದೋ ಬೋಜಾ ಇದ್ದರೆ ಮೊದಲು ಅದನ್ನು ನೋಡಿ. ಸಾಲಗಾರರಿಂದ ತಪ್ಪಿಸಿಕೊಳ್ಳಲು ಹೆಂಡತಿ ಹೆಸರಿಗೆ ಮಾಡಿದರೆ ಸಾಲ ಕೊಟ್ಟವರು ಕೋರ್ಟಿಗೆ ಹೋಗಿ ಅದನ್ನು ರದ್ದು ಮಾಡಿಸಬಹುದು. ಆದಾಯ ತೆರಿಗೆ ಕಟ್ಟುವವರು ಇನ್ನೊಂದು ನೆನಪಿಡಿ, ಪುಕ್ಕಟೆ ಕೊಟ್ಟ ಆಸ್ತಿಯ ಬಾಡಿಗೆ ಹೆಂಡತಿ ಕೈಗೆ ಬಂದರೂ ಲೆಕ್ಕ ಗಂಡನ ಆದಾಯಕ್ಕೇ ಸೇರುತ್ತದೆ.

ಪಿತ್ರಾರ್ಜಿತ ಜಮೀನಿನ ವಿಷಯ ಪೂರಾ ಬೇರೆ. ಮುಳುಗಡೆ ಆಗುವ ಜಮೀನು ಬಹಳಷ್ಟು ಇದೇ, ಅದಕ್ಕೇ ಹೇಳುತ್ತಿದ್ದೇನೆ. ಅದರಲ್ಲಿ ಗಂಡ ಒಬ್ಬನೇ ಹಕ್ಕುದಾರ ಅಲ್ಲ, ಗಂಡುಮಕ್ಕಳು ಹೆಣ್ಣುಮಕ್ಕಳು ಎಲ್ಲರಿಗೂ ಹುಟ್ಟಿನಿಂದ ಪಾಲಿದೆ. ವಾಟ್ನಿ ಆಗದ ಆಸ್ತಿಯನ್ನು ಪ್ರೀತಿಯಿಂದ ಅಂತ ಒಬ್ಬರಿಗೆ ಬಕ್ಷೀಸ್ ಬರೆದುಕೊಡಲು ಬರುವುದಿಲ್ಲ. 2022ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಹೇಳಿದೆ. ನಮ್ಮ ಹಳೆಯ ಮುಂಬೈ ಪ್ರಾಂತದ ಕಡೆ ಗಂಡ ಮತ್ತು ಗಂಡುಮಕ್ಕಳ ನಡುವೆ ವಾಟ್ನಿ ಆದರೆ ಹೆಂಡತಿಗೂ ಮಗನಷ್ಟೇ ಒಂದು ಪಾಲು ಬರಬೇಕು. ಆದರೆ ಅವಳೇ ಎದ್ದು ವಾಟ್ನಿ ಮಾಡಿ ಅಂತ ಕೇಳುವ ಹಾಗಿಲ್ಲ. ಹೀಗಾಗಿ ಪರಿಹಾರದ ದುಡ್ಡು ಬರುವ ಮನೆಯಲ್ಲಿ ಮೊದಲು ಎಲ್ಲರೂ ಕೂತು ಸರಿಯಾಗಿ ವಾಟ್ನಿ ಮಾಡಿಕೊಳ್ಳಿ, ಅದರಲ್ಲಿ ಮನೆಯಾಕೆಯ ಪಾಲು ಹೆಸರು ಹಿಡಿದು ಬರೆಯಿರಿ. ಆಮೇಲೆ ಗಂಡ ತನ್ನ ಪಾಲಿನಲ್ಲಿ ಏನು ಬೇಕಾದರೂ ಕೊಡಲಿ.

ಹೊಸದಾಗಿ ಕೊಳ್ಳುವವರಿಗೆ ಇನ್ನೂ ಸುಲಭ. ಖರೀದಿ ಪತ್ರದಲ್ಲೇ ಇಬ್ಬರ ಹೆಸರು ಹಾಕಿಸಿ, ಯಾರದು ಎಷ್ಟು ಪಾಲು ಅಂತ ಒಂದು ಸಾಲು ಬರೆಸಿ. ನಮ್ಮ ಕಡೆ ಎಷ್ಟು ಪ್ಲಾಟುಗಳು ಹೆಂಡತಿಯ ಪಾಟ್ಲಿ, ಬೋರಮಾಳ ಮಾರಿ ಕೊಂಡವು! ತವರಿನಿಂದ ತಂದ ಬಂಗಾರ ಅವಳದೇ, ಗಂಡನದೂ ಅಲ್ಲ, ಇಬ್ಬರದೂ ಅಲ್ಲ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ, 2024ರಲ್ಲಿ ಮತ್ತೆ ಹೇಳಿದೆ. ಆದರೆ ಬಂಗಾರ ಕರಗಿ ಗಂಡನ ಹೆಸರಿನ ಪ್ಲಾಟಾದ ಮೇಲೆ ಅದನ್ನು ತೋರಿಸಿಕೊಡುವುದು ಯಾರು? ಮಾರಿದ ರಸೀದಿ ಇಟ್ಟುಕೊಳ್ಳಿ. ಖರೀದಿ ಪತ್ರದಲ್ಲಿ ಹಣದ ವಿವರ ಬರೆಯುವ ಜಾಗದಲ್ಲಿ ಇಷ್ಟು ಹಣ ಹೆಂಡತಿಯದು ಅಂತ ಬರೆಸಿ. ಮಾಸ್ತರಿಕೆ, ನರ್ಸ್ ಕೆಲಸ ಮಾಡಿ ಮನೆ ಸಾಲದ ಕಂತು ಕಟ್ಟುವ ಹೆಣ್ಣುಮಕ್ಕಳಿಗೂ ಇದನ್ನೇ ಹೇಳುವುದು. ಸಾಲದ ಅರ್ಜಿಯಲ್ಲಿ ನಿಮ್ಮ ಸಹಿ ಇದೆ, ಖರೀದಿ ಪತ್ರದಲ್ಲಿ ಹೆಸರಿದೆಯಾ ನೋಡಿಕೊಳ್ಳಿ.

ಹೊರಗೆ ದುಡಿಯದ ಹೆಂಡತಿಗೆ ಏನು ಪಾಲು ಅಂತ ಕೇಳುವವರು ಇದ್ದೇ ಇರುತ್ತಾರೆ. 2023ರ ಜೂನಿನಲ್ಲಿ ಮದ್ರಾಸ್ ಹೈಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಗಂಡ ಪರದೇಶದಲ್ಲಿ ದುಡಿದು ಹಣ ಕಳಿಸಿದ, ಹೆಂಡತಿ ಇಲ್ಲಿ ಮನೆ-ಮಕ್ಕಳನ್ನು ನೋಡಿಕೊಂಡಳು. ಅವಳ ಆ ದುಡಿಮೆ ಇಲ್ಲದೆ ಗಂಡ ನಿಶ್ಚಿಂತೆಯಿಂದ ಗಳಿಸಲು ಆಗುತ್ತಿರಲಿಲ್ಲ, ಹಾಗಾಗಿ ಆ ಗಳಿಕೆಯಿಂದ ಕೊಂಡ ಆಸ್ತಿಯಲ್ಲಿ ಅವಳಿಗೂ ಸಮಪಾಲು ಅಂತ ತೀರ್ಪು. ತಮಿಳುನಾಡಿನ ಹೈಕೋರ್ಟಿನ ತೀರ್ಪು, ಇಲ್ಲಿಯ ಕೋರ್ಟುಗಳು ಅದನ್ನು ಪಾಲಿಸಲೇಬೇಕು ಅಂತಿಲ್ಲ. ಆದರೆ ಅದನ್ನು ಓದಿದ ದಿನ ನನಗೆ ತುಂಬಾ ಸಮಾಧಾನ ಆಯಿತು.

ಈಗ ಇನ್ನೊಬ್ಬ ಹೆಣ್ಣುಮಗಳ ಕಥೆ. ಗಂಡ ಸ್ವಂತ ದುಡಿಮೆಯಿಂದ ಮನೆ ಕಟ್ಟಿಸಿದ್ದ. "ಈ ಮನೆ ನನ್ನ ನಂತರ ನಿನ್ನದೇ" ಅಂತ ಬಾಂಡಿನಲ್ಲಿ ಬರೆದು ಕೊಟ್ಟಿದ್ದ. ಒಬ್ಬರ ಸಹಿಯೂ ಸಾಕ್ಷಿಯಾಗಿ ಇರಲಿಲ್ಲ. ಅವನು ತೀರಿಕೊಂಡ. ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿ ಬೇಕೇ ಬೇಕು, ಹೀಗಾಗಿ ಅದು ಮೃತ್ಯುಪತ್ರವೂ ಆಗಲಿಲ್ಲ, ಬಕ್ಷೀಸೂ ಆಗಲಿಲ್ಲ. ವಾರಸಾ ಕಾಯ್ದೆ ಪ್ರಕಾರ ಹೆಂಡತಿ, ಇಬ್ಬರು ಮಕ್ಕಳು, ಅತ್ತೆ, ನಾಲ್ವರಿಗೂ ನಾಲ್ಕನೇ ಒಂದು ಪಾಲು. ಅತ್ತೆ ತನ್ನ ಪಾಲನ್ನು ಇನ್ನೊಬ್ಬ ಮಗನಿಗೆ ಬಕ್ಷೀಸ್ ಬರೆದುಕೊಟ್ಟಳು. ಅತ್ತೆಯದು ತಪ್ಪು ಅಂತ ನಾನು ಹೇಳುವುದಿಲ್ಲ, ಅದು ಆಕೆಯ ಹಕ್ಕು, ಮಗನನ್ನು ಕಳಕೊಂಡ ತಾಯಿ ಆಕೆ. ಆದರೆ ಈಗ ಆ ಮನೆಯಲ್ಲಿ ಮೈದುನನೂ ಪಾಲುದಾರ. ಆ ಹೆಣ್ಣುಮಗಳು ಮನೆ ಮೇಲೆ ಸಾಲ ಎತ್ತಿ ಮಗಳನ್ನು ಓದಿಸೋಣ ಅಂದರೆ ಮೈದುನನ ಸಹಿ ಬೇಕು. ಗಂಡ ಬಿಳಿ ಹಾಳೆ ಮೇಲೆ ಬರೆದು, ಇಬ್ಬರನ್ನು ಕೂರಿಸಿಕೊಂಡು, ಅವರ ಮುಂದೆ ಸಹಿ ಹಾಕಿ, ಅವರಿಂದಲೂ ಸಹಿ ಹಾಕಿಸಿದ್ದರೆ ಸಾಕಿತ್ತು. ಮೃತ್ಯುಪತ್ರಕ್ಕೆ ಬಾಂಡೂ ಬೇಕಿಲ್ಲ, ನೋಂದಣಿಯೂ ಕಡ್ಡಾಯ ಅಲ್ಲ. ನೋಂದಣಿ ಮಾಡಿಸಿದರೆ ಇನ್ನೂ ಗಟ್ಟಿ.

ಹೆಂಗಸರೂ ಮೃತ್ಯುಪತ್ರ ಬರೆಯಬೇಕು. ಇದನ್ನು ಹೇಳಿದಾಗ ನಗುತ್ತಾರೆ. ಮಕ್ಕಳಿಲ್ಲದ, ಗಂಡ ಇಲ್ಲದ ಹಿಂದೂ ಹೆಣ್ಣುಮಗಳು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವಳು ಸ್ವಂತ ದುಡಿದ ಆಸ್ತಿಯೂ ಮೊದಲು ಹೋಗುವುದು ಗಂಡನ ವಾರಸುದಾರರಿಗೆ. 2009ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಪ್ರಕರಣ ಓದಿದರೆ ಹೊಟ್ಟೆ ಉರಿಯುತ್ತದೆ. ಮದುವೆಯಾಗಿ ಮೂರೇ ತಿಂಗಳಿಗೆ ಗಂಡ ಸತ್ತ, ಅತ್ತೆ ಮನೆಯವರು ಹೊರಗೆ ಹಾಕಿದರು, ತವರಿನವರು ಓದಿಸಿದರು, ನೌಕರಿ ಮಾಡಿದಳು, ಉಳಿಸಿದಳು. ಅವಳು ಸತ್ತ ಮೇಲೆ ಆ ಹಣವೆಲ್ಲ ಗಂಡನ ಅಕ್ಕ-ತಂಗಿಯ ಮಕ್ಕಳಿಗೆ ಹೋಯಿತು. ಕಾಯ್ದೆ ಇರುವುದೇ ಹಾಗೆ, ಮನ ಮಿಡಿದರೂ ಏನೂ ಮಾಡಲಾಗದು ಅಂತ ಕೋರ್ಟು ಹೇಳಿತು. ಒಂದು ಹಾಳೆ ಬರೆದಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ವಿಮೆ ಮಾಡಿಸುವ ಗಂಡಸರಿಗೆ ಒಂದು ಮಾತು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿಯಲ್ಲಿ ಪಾಲಿಸಿ ಮಾಡಿಸಿದರೆ ಆ ಹಣ ಹೆಂಡತಿ-ಮಕ್ಕಳಿಗೇ ಮೀಸಲು, ಸಾಲಗಾರರು ಮುಟ್ಟುವಂತಿಲ್ಲ. ಪಾಲಿಸಿ ತಗೊಳ್ಳುವಾಗಲೇ ಆ ಫಾರಂ ತುಂಬಬೇಕು, ಆಮೇಲೆ ಆಗುವುದಿಲ್ಲ. ಏಜೆಂಟರಿಗೆ ನೀವೇ ಕೇಳಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಮಾಡಿದರೂ ಮದುವೆಯಾದವರು ತಮ್ಮ ಇಡೀ ಆಸ್ತಿಯ ಬಗ್ಗೆ ಒಂದೇ ಕರಾರು ಮಾಡಿಕೊಂಡು, ಅದು ಮುಂದೆ ಕೋರ್ಟಿನಲ್ಲಿ ನಿಲ್ಲುತ್ತದೆ ಅಂತ ನಂಬಿ ಬದುಕುವ ಹಾಗೆ ನಮ್ಮಲ್ಲಿ ಕಾಯ್ದೆ ಇಲ್ಲ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕಾಲದಿಂದ ಬಂದ ಪದ್ಧತಿ ಇದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ-ಹೆಂಡತಿ ಆಸ್ತಿ ಇಬ್ಬರದೂ ಸೇರಿ ಒಂದೇ, ಇಬ್ಬರಿಗೂ ಅರ್ಧರ್ಧ. ಹೆಂಡತಿ ಸಹಿ ಇಲ್ಲದೆ ಗಂಡ ಮನೆ ಮಾರಲು ಬರುವುದಿಲ್ಲ. ಮದುವೆ ಆದ ಮೇಲೆ ಅದನ್ನು ಬದಲಿಸುವ ಹಾಗೂ ಇಲ್ಲ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಗೋವಾಕ್ಕೆ ದುಡಿಯಲು ಹೋಗುತ್ತಾರೆ. ಘಾಟಿನ ಆಚೆಯ ಹೆಂಡತಿಗೆ ಮದುವೆಯ ದಿನವೇ ಸಿಗುವ ಹಕ್ಕು ಈಚೆಯವಳಿಗೆ ಬೇಡಿದರೂ ಇಲ್ಲ.

ಬೇರೆ ದೇಶಗಳಲ್ಲಿ ಮದುವೆಯ ನಂತರದ ಕರಾರು ಹೊಸದೇನಲ್ಲ. ಜರ್ಮನಿಯಲ್ಲಿ ನೋಟರಿ ಮುಂದೆ ಇಬ್ಬರೂ ಹಾಜರಿದ್ದು ಮದುವೆಗೆ ಮುಂಚೆಯಾಗಲಿ ಆಮೇಲಾಗಲಿ ಮಾಡಿಕೊಳ್ಳಬಹುದು. ಬ್ರಿಟನ್ನಿನ ಪ್ರಿವಿ ಕೌನ್ಸಿಲ್ 2008ರಲ್ಲಿ ಇಂಥ ಕರಾರಿಗೆ ಬೆಲೆ ಇದೆ ಅಂತ ಹೇಳಿತು. ಇದು ಪರದೇಶದ ಚಾಳಿ ಅನ್ನುವವರಿಗೆ ಹೇಳುತ್ತೇನೆ, ವಿಜಯಪುರದ ನಮ್ಮ ಮುಸ್ಲಿಂ ಬಾಂಧವರ ನಿಕಾಹ್ ಇರುವುದೇ ಕರಾರಿನ ಮೇಲೆ. ಮೆಹರ್ ಮದುವೆಯ ದಿನವೇ ಗೊತ್ತಾಗಿ ಕಾಗದಕ್ಕೆ ಬರುತ್ತದೆ, ಮದುವೆ ಆದ ಮೇಲೂ ಗಂಡ ಅದನ್ನು ಹೆಚ್ಚಿಸಬಹುದು. ನಮ್ಮ ಪಕ್ಕದ ಓಣಿಯಲ್ಲೇ ಇರುವ ಪದ್ಧತಿ ಇದು.

ಹಾಗಂತ ಕರಾರಿಗೆಲ್ಲ ಕಣ್ಣುಮುಚ್ಚಿ ಬೆಲೆ ಕೊಡಿ ಅಂತ ನಾನು ಕೇಳುವುದಿಲ್ಲ. ನನಗೆ ಅದರ ಬಗ್ಗೆ ಹೆದರಿಕೆಯೂ ಇದೆ. "ಸಹಿ ಮಾಡಿ ಬಿಡವ್ವಾ" ಅನ್ನುವ ಮಾತು ನಾನು ಬಹಳ ಕೇಳಿದ್ದೇನೆ. ತವರಿನಲ್ಲಿ ಅಣ್ಣಂದಿರು ಉಡಿ ತುಂಬಿ, ಸೀರೆ ಕೊಟ್ಟು, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಗಂಡನ ಮನೆಯಲ್ಲೂ ಅದೇ ಆದರೆ ಆ ಹೆಣ್ಣುಮಗಳು ಎಲ್ಲಿ ಹೋಗಬೇಕು? ಹೀಗಾಗಿ ನನ್ನ ಹತ್ತಿರ ಗಂಡ-ಹೆಂಡತಿ ಕಾಗದ ಬಂದರೆ ನಾನು ಅದನ್ನು ಹೆಂಡತಿಗೆ ಒಬ್ಬಳಿಗೇ ಕೂರಿಸಿ, ಗಟ್ಟಿಯಾಗಿ, ಒಂದೊಂದೇ ಸಾಲು ಓದಿ ಹೇಳುತ್ತೇನೆ. ಜೊತೆಗೆ ಬಂದವರು ಚಹಾ ಕುಡಿದು ಬರಲಿ. ಒಮ್ಮೆ ಒಬ್ಬಳು ಮೂರನೇ ಪುಟಕ್ಕೆ ಬಂದಾಗ "ನಿಲ್ಲಸ್ರೀ, ಈ ಹೊಲ ನಮ್ಮಪ್ಪ ನನಗ ಕೊಟ್ಟದ್ದು, ಇದ್ಯಾಕ ಇವರ ಹೆಸರಿಗೆ ಹೊಂಟದ?" ಅಂದಳು. ಅಂದು ಆ ಕಾಗದ ನೋಂದಣಿ ಆಗಲಿಲ್ಲ.

ಕಾಯ್ದೆ ಬಂದರೆ ಅದರಲ್ಲಿ ಇಂಥ ತಡೆ ಇರಲೇಬೇಕು. ಇಬ್ಬರೂ ತಮ್ಮ ಹತ್ತಿರ ಏನಿದೆ, ಸಾಲ ಎಷ್ಟಿದೆ ಅಂತ ಮುಚ್ಚಿಡದೆ ಪಟ್ಟಿ ಕೊಡಬೇಕು. ಇಬ್ಬರಿಗೂ ಬೇರೆ ಬೇರೆ ವಕೀಲರ ಸಲಹೆ ಸಿಗಬೇಕು. ಕರಾರು ಓದಿದ ದಿನವೇ ಸಹಿ ಬೇಡ, ಯೋಚನೆ ಮಾಡಲು ಕೆಲವು ವಾರ ಇರಲಿ. ಪೋಟಗಿ, ಮಕ್ಕಳ ಖರ್ಚು, ಮನೆಯಲ್ಲಿ ಇರುವ ಹಕ್ಕು, ಇವನ್ನು ಬಿಟ್ಟುಕೊಡುವ ಸಾಲು ಇದ್ದರೆ ನೋಂದಣಿಯೇ ಆಗಬಾರದು. ಹೆಂಡತಿಗೆ ವಕೀಲರ ಖರ್ಚು ಎಲ್ಲಿಂದ ಅಂತ ಕೇಳಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. ಜಿಲ್ಲಾ ಕೋರ್ಟಿನಲ್ಲೇ ಆ ಕಚೇರಿ ಇರುತ್ತದೆ.

ಇದು ದಿಲ್ಲಿಯವರ ಕೆಲಸ ಅಂತ ನಮ್ಮ ಶಾಸಕರು ಜಾರಿಕೊಳ್ಳುವ ಹಾಗಿಲ್ಲ. ವಿಚ್ಛೇದನದ ಹೊತ್ತಿಗೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಮಸೂದೆ 2013ರ ಆಗಸ್ಟಿನಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿ, ಲೋಕಸಭೆಯಲ್ಲಿ ಹಾಗೇ ಬಿದ್ದು ಹೋಯಿತು. ಆದರೆ ಮದುವೆ, ವಾರಸಾ ವಿಷಯಗಳು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ, ರಾಜ್ಯವೂ ಕಾಯ್ದೆ ಮಾಡಬಹುದು. ಕರ್ನಾಟಕ ಮಾಡಿಯೂ ತೋರಿಸಿದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ನಮ್ಮ ರಾಜ್ಯದ ತಿದ್ದುಪಡಿ 1994ರ ಜುಲೈ 30ಕ್ಕೆ ಜಾರಿಗೆ ಬಂತು. ಆಗ ಮದುವೆಯಾದ ಹೆಣ್ಣುಮಕ್ಕಳನ್ನು ಬಿಟ್ಟಿದ್ದರು, ನಿಜ. ಆದರೂ ಕೇಂದ್ರ ಸರ್ಕಾರ ಅದನ್ನು ಇಡೀ ದೇಶಕ್ಕೆ ಮಾಡಿದ್ದು 2005ರಲ್ಲಿ, ನಮಗಿಂತ 11 ವರ್ಷ ತಡವಾಗಿ. ಮಗಳ ವಿಷಯದಲ್ಲಿ ಮುಂದೆ ನಿಂತ ರಾಜ್ಯ ಹೆಂಡತಿಯ ವಿಷಯದಲ್ಲೂ ಮುಂದೆ ಬರಲಿ.

ಕಾಯ್ದೆ ಬರಲು ವರ್ಷಗಳೇ ಬೇಕಾಗಬಹುದು. ಪರಿಹಾರದ ದುಡ್ಡು ಅಷ್ಟು ಕಾಯುವುದಿಲ್ಲ. ಹಾಗಾಗಿ ಸರ್ಕಾರಕ್ಕೆ ಈಗಲೇ ಮಾಡಲು ಆಗುವ ಒಂದು ಕೆಲಸ ಹೇಳುತ್ತೇನೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ 1.20 ಲಕ್ಷ ರೂಪಾಯಿ ಸಹಾಯದ ಮನೆಗೆ ಹೆಂಡತಿ ಹೆಸರೋ ಇಬ್ಬರ ಹೆಸರೋ ಇರಲಿ ಅನ್ನುತ್ತಾರೆ. ಎಕರೆಗೆ 40 ಲಕ್ಷ ಕೊಡುವಾಗ ಯಾಕೆ ಅದನ್ನೇ ಕೇಳಬಾರದು? ಮದುವೆಯಾದ ಖಾತೆದಾರನ ಪರಿಹಾರ ಗಂಡ-ಹೆಂಡತಿ ಜಂಟಿ ಖಾತೆಗೆ ಜಮಾ ಆಗಲಿ, ಹಣ ತೆಗೆಯಲು ಇಬ್ಬರ ಸಹಿಯೂ ಬೇಕು ಅಂತಿರಲಿ. ಪುನರ್ವಸತಿ ಕೇಂದ್ರದಲ್ಲಿ ಕೊಡುವ ನಿವೇಶನದ ಹಕ್ಕುಪತ್ರದಲ್ಲಿ ಇಬ್ಬರ ಹೆಸರೂ ಬರಲಿ. ಪರಿಹಾರದ ನೋಟಿಸ್ ಹಂಚುವ ಊರುಗಳಲ್ಲಿ ಅದಕ್ಕೂ ಮುಂಚೆ ಕಾನೂನು ಸೇವಾ ಪ್ರಾಧಿಕಾರದವರು ಬಂದು, ಹೆಂಗಸರನ್ನು ಬೇರೆಯಾಗಿ ಕೂರಿಸಿ, ವಾಟ್ನಿ ಅಂದರೆ ಏನು, ಬಕ್ಷೀಸ್ ಅಂದರೆ ಏನು, ಮೃತ್ಯುಪತ್ರ ಹೇಗೆ ಬರೆಯಬೇಕು ಅಂತ ತಿಳಿಸಿ ಹೇಳಲಿ. ಶಾಲೆಯ ಒಂದು ಕೋಣೆ, ಒಂದು ಮಧ್ಯಾಹ್ನ ಸಾಕು. ಹಿಂದೆ ಹಳೆ ಬಾಗಲಕೋಟೆ ಮುಳುಗಿದಾಗ ಪರಿಹಾರ ಹೇಗೆ ಬಂತು, ಯಾರ ಕೈಗೆ ಹೋಯಿತು, ಎಷ್ಟು ಬೇಗ ಕರಗಿತು ಅಂತ ನಮ್ಮ ಮನೆಗಳ ಹಿರಿಯ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ.

ಬೀಳಗಿಯ ಆಕೆಯ ಹಾಗೆ ಹಳೆಯ ಬಾಂಡ್ ಇಟ್ಟುಕೊಂಡವರು ಅದನ್ನು ಎಸೆಯಬೇಡಿ, ಗಂಡನ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕೆ ಅದು ಒಂದು ಗುರುತು. ಅದನ್ನೂ, ಪ್ಲಾಟಿನ ಖರೀದಿ ಪತ್ರವನ್ನೂ, ಹೊಸ ಉತಾರವನ್ನೂ, ಇಸಿಯನ್ನೂ (ಋಣಭಾರ ಪ್ರಮಾಣಪತ್ರ) ತಗೊಂಡು ಇಬ್ಬರೂ ಕೂಡಿ ಒಬ್ಬ ವಕೀಲರನ್ನು ಕಂಡು ಬಕ್ಷೀಸ್ ಪತ್ರವೋ ಮೃತ್ಯುಪತ್ರವೋ ಮಾಡಿಸಿಕೊಳ್ಳಿ. ಪರಿಹಾರದ ನೋಟಿಸ್ ಮನೆಗೆ ಬರುವ ಮುಂಚೆಯೇ ಈ ಕೆಲಸ ಆಗಲಿ.

ಇತಿ,
ದಸ್ತಾವೇಜು ಟೈಪ್ ಮಾಡುವ ಒಬ್ಬ ಹೆಣ್ಣುಮಗಳು
ನವನಗರ, ಬಾಗಲಕೋಟೆ